ಹಾಜರಿ ಪುಸ್ತಕ

ಬಲ್ಮಠ ಗುಡ್ಡೆಯ ದೇವಾಲಯದ ಹಿಂದಿನ ಕೋಣೆಯಲ್ಲಿ
ಶನಿವಾರ ಐದೂವರೆಗೆ ವಿದ್ಯಾರ್ಥಿ ಕೂಟ.
ಇಪ್ಪತ್ತಾರು ವರ್ಷದಿಂದ ಹಾಜರಿ ಬರೆಯುವವಳು ನಾನು,
ಗಣಿತದ ಸುಗುಣಾ ಟೀಚರ್, ಈಗ ನಿವೃತ್ತೆ.
ಮೊದಲೆಲ್ಲ ಪುಟ ಸಲೀಸಾಗಿ ತುಂಬುತ್ತಿತ್ತು:
ಸೋನ್ಸ್, ಅಮ್ಮನ್ನ, ಕರ್ಕಡ, ಸಾಲಿನ್ಸ್,
ಮುಲ್ಕಿಯ ಇಬ್ಬರು, ಉಡುಪಿಯ ಮಿಷನ್ ಕಂಪೌಂಡಿನ ಮೂವರು.
ಯಾರ ಅಜ್ಜ ಯಾವ ಹೆಂಚಿನ ಕಾರ್ಖಾನೆಯಲ್ಲಿ
ಮಣ್ಣು ತುಳಿದವರೆಂದು ಕೇಳದೆಯೇ ಗೊತ್ತು.

ಈಗ ಪೆನ್ನು ತಡೆಯುತ್ತದೆ.
ಲಾಲ್‌ರಿನ್‌ಪುಯಿ, ಐಜ್ವಾಲ್, ನರ್ಸಿಂಗ್ ಎರಡನೆಯ ವರ್ಷ.
ಇಬಾನ್‌ರಿ, ಶಿಲ್ಲಾಂಗಿನಾಚೆಯ ಯಾವುದೋ ಹಳ್ಳಿ.
ಉವಿಮಾನ, ರುವಾಂಡ, ಫಾರ್ಮಸಿ.
ಕಂಧಮಾಲಿನ ಪ್ರಫುಲ್ಲ ದಿಗಾಲ್. ಊರು ಹೇಗಿದೆ ಎಂದರೆ
"ಕಾಡು" ಅಂತಷ್ಟೇ ಹೇಳಿ ತನ್ನ ಚಪ್ಪಲಿ ನೋಡುತ್ತಾನೆ.
ದೀರ್ಘ ಎಲ್ಲಿ, ಒತ್ತು ಎಲ್ಲಿ?
ಮೊದಲ ವಾರ ಪುಯಿಯನ್ನು "ಲಲ್ಲಿ" ಎಂದು ಬರೆದೆ.
ನಕ್ಕಳು.
ಮೂರು ತಿಂಗಳು ಲಲ್ಲಿಯಾಗಿಯೇ ಬಂದಳು.

ಸಮಿತಿ ಸೇರಿತು: ಬರುವ ಪೀಳಿಗೆಗೆ ನಾವು ಸಜ್ಜಾಗುವುದು ಹೇಗೆ?
ಹೊಸ ಪ್ರೊಜೆಕ್ಟರ್ ಎಂದರು ಖಜಾಂಚಿ.
ಡ್ರಮ್ಸ್ ಎಂದ ಅವರ ಮಗ.
ಎಲ್ಲ ಇಂಗ್ಲಿಷಿನಲ್ಲಿ ಮಾಡಿಬಿಟ್ಟರೆ ಮುಗಿಯಿತಲ್ಲ ಎಂದರು ಯಾರೋ,
ಪ್ರಫುಲ್ಲನಿಗೆ ನಮ್ಮಷ್ಟೂ ಇಂಗ್ಲಿಷ್ ಬಾರದೆಂದು
ತಿಳಿಯದವರು.
ಪ್ರತಿಯೊಬ್ಬನಿಗೂ ತನ್ನ ತನ್ನ ಭಾಷೆಯಲ್ಲೇ ಕೇಳಿಸಿತೆಂಬ ಅಧ್ಯಾಯವನ್ನು
ವರ್ಷವರ್ಷವೂ ಓದುತ್ತೇವೆ,
ಕನ್ನಡದಲ್ಲಿ.
ನಾನೂ ಬಾಯಿ ಬಿಡಲಿಲ್ಲ. ಗೋಳಿಬಜೆ ಬಿಸಿಯಿತ್ತು.

ಆಟಿಯ ಒಂದು ಶನಿವಾರ, ಎಲ್ಲರೂ ಹೋದ ಮೇಲೆ
ಲೋಟ ತೊಳೆಯುತ್ತಿದ್ದೆ. ಪುಯಿ ಒಳಗೆ ಬಂದಳು.
"ಬಿಡು ಮಗಾ, ನೀನು ಅತಿಥಿ" ಎಂದೆ,
ಎಂದಿನ ಮಾತು, ಎಂದಿನ ನಗು.
ಅವಳು ನಲ್ಲಿ ನಿಲ್ಲಿಸಿದಳು.
"ಆಂಟಿ, ನಮ್ಮ ಮನೆಯಲ್ಲಿ
ಎರಡು ದಿನ ಕಳೆದ ಮೇಲೆ ಯಾರೂ ಅತಿಥಿಯಲ್ಲ.
ನಾನು ಬಂದು ಒಂದೂವರೆ ವರ್ಷ."

ಕಟ್ಟೆಯ ಮೇಲೆ ನನ್ನ ಡಬ್ಬಿ, ರಾತ್ರಿಯ ಪಲ್ಯಕ್ಕೆ
ನೀರಲ್ಲಿ ನೆನೆಹಾಕಿದ ಕಣಿಲೆ.
ಬಗ್ಗಿ ಮೂಸಿದಳು, ಕಣ್ಣು ಮುಚ್ಚಿ, ಸ್ವಲ್ಪ ಹೆಚ್ಚೇ ಹೊತ್ತು.
"ಇದು ನಮ್ಮದು."
ನಮ್ಮದೂ ಹೌದು, ಎಂದೆ, ಆಟಿಯಲ್ಲಿ ತಿನ್ನದ ಮನೆಯಿಲ್ಲ.
"ಹಾಗಾದರೆ ಹಾಸ್ಟೆಲಿನಲ್ಲಿ ನನ್ನ ಡಬ್ಬಿಯನ್ನು
ನಾತ ಅಂತ ಯಾಕೆ ಎಸೆದರು?"

ವಾರ್ಡನ್ ನನ್ನ ಚಿಕ್ಕಮ್ಮನ ಸೊಸೆ.
ಒಣಮೀನು ಸುಟ್ಟ ಕೈಯಲ್ಲೇ ಎಸೆದಿರಬೇಕು.
ಉತ್ತರ ಕೊಡಲಿಲ್ಲ. ಲೋಟ ಕೊಟ್ಟೆ.
ಅವಳು ತೊಳೆದಳು, ನಾನು ಒರೆಸಿದೆ.

ರಾತ್ರಿ ಮುತ್ತಜ್ಜಿ ನೆನಪಾದಳು: ದೇಯಿ,
ಜಾತಿ ಬಿಟ್ಟು, ಕಂಕುಳಲ್ಲಿ ಮಗು ಎತ್ತಿಕೊಂಡು
ಮಿಷನ್ ಗೇಟಿಗೆ ಬಂದವಳು.
ದಫ್ತರಿನಲ್ಲಿ ಡೊರೊತಿಯಾ.
ಜರ್ಮನ್ ಪಾದ್ರಿ ಒಳ್ಳೆಯವನೇ ಅಂತೆ, ಗಂಜಿ ಕೊಟ್ಟ, ಕೆಲಸ ಕೊಟ್ಟ.
ಸಾಯುವ ಹೊತ್ತಿಗೆ ಮಾತ್ರ ಅಜ್ಜಿ
ಡೊರೊತಿಯಾ ಎಂದು ಕರೆದರೆ ತಿರುಗಲಿಲ್ಲವಂತೆ.

ಮುಂದಿನ ಶನಿವಾರ ಬೆಂಚುಗಳನ್ನು ಗೋಡೆಗೆ ಸರಿಸಿದೆವು.
ಕಪಾಟಿನ ಕೀಲಿ ಇಬಾನ್‌ರಿಯ ಕೈಗೆ;
ಖಜಾಂಚಿ ಕೆಮ್ಮಿದರು.
ಪ್ರಫುಲ್ಲ ಕುಯಿಯಲ್ಲಿ ಪ್ರಾರ್ಥಿಸಿದ, ಬಹಳ ಹೊತ್ತು.
ಒಂದಕ್ಷರ ಅರ್ಥವಾಗಲಿಲ್ಲ. ಎಲ್ಲಿ ಆಮೆನ್ ಹೇಳುವುದೆಂದು
ಕಾಯುತ್ತಾ ಕೂತೆವು, ಬೇರೆಯವರ ಮನೆಯಲ್ಲಿ
ಊಟಕ್ಕೆ ಕರೆಯುವುದನ್ನು ಕಾಯುವವರಂತೆ.

ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಯಿತು.
ಪ್ರಫುಲ್ಲನ ಅಕ್ಷರಗಳು ಕೊಡೆ ಹಿಡಿದು ನಿಂತಿದ್ದವು.
ಉವಿಮಾನ ಹೆಸರಿನ ಕೆಳಗೆ ಅರ್ಥ ಬರೆದಿದ್ದಳು: ದೇವರವಳು.
ಹದಿನೇಳೋ ಹದಿನೆಂಟೋ, ಎರಡು ಸಲ ಎಣಿಸಿದರೂ
ಲೆಕ್ಕ ತಾಳೆಯಾಗಲಿಲ್ಲ.

ಕೊನೆಯ ಸಾಲಿನಲ್ಲಿ ನನ್ನನ್ನೂ ಬರೆದಿದ್ದರು,
ಪುಯಿಯ ಕೈ, ಆಗಷ್ಟೇ ಕಲಿತ ಕನ್ನಡ:
ಸುಗುನ ಆಂಟಿ.
ಕೈ ಕೆಂಪು ಪೆನ್ನಿನವರೆಗೆ ಹೋಯಿತು.